ಕದಲುವ ಆಧಾರಸ್ವರ: ಪಿಯಾನೊ ಪ್ರಧಾನ ಪಾಪ್ ಗೀತೆಯೊಂದರ ಸ್ವರವಿಶ್ಲೇಷಣೆ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಕಲ್ಲುಶಿಲ್ಪಿಗಳ ಊರು. ಅವರ ಕಸುಬಿಗೆ ಆಧಾರವಾದ ಶಿಲ್ಪಶಾಸ್ತ್ರ ಕಲ್ಲನ್ನು ಕಿವಿಯಿಂದಲೂ ಪರೀಕ್ಷಿಸುತ್ತದೆ. ಬಡಿದಾಗ ಗಂಟೆಯಂತೆ ಮೊಳಗಿದರೆ ಗಂಡುಶಿಲೆ, ಕಂಚಿನ ತಾಳದಂತೆ ನುಡಿದರೆ ಹೆಣ್ಣುಶಿಲೆ, ನಾದವೇ ಇಲ್ಲದ್ದು ನಪುಂಸಕಶಿಲೆ. ಪಿಯಾನೊ ಕೂಡ ಏಟಿನಿಂದ ನುಡಿಯುವ ವಾದ್ಯವೇ. ಫೆಲ್ಟ್ ಹೊದಿಸಿದ ಸುತ್ತಿಗೆ ತಂತಿಗೆ ತಾಗಿದ ಮರುಕ್ಷಣವೇ ನಾದ ಕುಗ್ಗತೊಡಗುತ್ತದೆ. ವೀಣೆಯಲ್ಲಿ ಎಳೆದಂತೆ ತಂತಿ ಎಳೆದು ಗಮಕ ತರಲಾಗದು, ಹಾರ್ಮೋನಿಯಂನಲ್ಲಿ ಗಾಳಿ ತುಂಬಿದಂತೆ ಸ್ವರವನ್ನು ಹಿಡಿದು ನಿಲ್ಲಿಸಲೂ ಆಗದು. ಹಾಗಿದ್ದೂ ಪಿಯಾನೊ ಪ್ರಧಾನ ಪಾಪ್ ಗೀತೆಗಳಲ್ಲಿ ಭಾವ ಎಲ್ಲಿಂದ ಬರುತ್ತದೆ? ರಾಗಕ್ಕೆ ಪಳಗಿದ ಕಿವಿ ಅದನ್ನು ಕಂಠದಲ್ಲಿ ಹುಡುಕುತ್ತದೆ. ಹುಡುಕಬೇಕಾದದ್ದು ಎಡಗೈಯಲ್ಲಿ ಎಂಬುದು ನನ್ನ ವಾದ.

ಗಾಯಕಿ ಅಡೆಲ್ ಮತ್ತು ಡ್ಯಾನ್ ವಿಲ್ಸನ್ ರಚಿಸಿದ, 2011ರ ‘ಸಮ್‌ಒನ್ ಲೈಕ್ ಯು’ ಇದಕ್ಕೆ ಒಳ್ಳೆಯ ಉದಾಹರಣೆ. ಡ್ರಮ್ಸ್ ಇಲ್ಲ, ಪಿಟೀಲುಗಳ ಮೇಳವಿಲ್ಲ. ಕಂಠವೂ ಪಿಯಾನೊವೂ ಅಷ್ಟೇ. ಹಾಡು ಎ ಮೇಜರ್‌ನಲ್ಲಿದೆ; ಅಲ್ಲಿಯೇ ಷಡ್ಜವನ್ನಿಟ್ಟರೆ ಸಿಗುವುದು ಶಂಕರಾಭರಣದ ಸ್ವರಗಳು. ಬಲಗೈ ಕಾರ್ಡುಗಳನ್ನು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನು, ಒಡೆದು ಸ್ವರಗಳನ್ನು ಎಡೆಬಿಡದೆ ಪೋಣಿಸುತ್ತದೆ. ಇದು ಬರಿಯ ಅಲಂಕಾರವಲ್ಲ, ಅಡಗುವ ನಾದವನ್ನು ಮತ್ತೆ ಮತ್ತೆ ತುಂಬಿಕೊಡುವ ಕೆಲಸ. ಅದರ ಕೆಳಗೆ ಎಡಗೈ ಸಾವಕಾಶವಾಗಿ ಇಳಿಯುತ್ತದೆ: ಸ, ಮಂದ್ರದ ನಿ, ದ, ಅಲ್ಲಿಂದ ಮ.

ಈಗ ಅಂತರ ಗಾಂಧಾರವೊಂದನ್ನೇ ಈ ಇಳಿಕೆಯ ಮೇಲೆ ಇಟ್ಟು ನೋಡೋಣ. ತಂಬೂರಿಯ ಎದುರು ಅದು ಕಚೇರಿ ಮುಗಿಯುವ ತನಕವೂ ಗಾಂಧಾರವೇ. ಇಲ್ಲಿ ಹಾಗಲ್ಲ. ಎಡಗೈ ನಿಷಾದಕ್ಕೆ ಇಳಿದಾಗ ಅದೇ ಸ್ವರಕ್ಕೆ ಶುದ್ಧ ಮಧ್ಯಮದ ಸಂಬಂಧ, ಧೈವತಕ್ಕೆ ಬಂದಾಗ ಪಂಚಮದ ನೆಮ್ಮದಿ. ಮಧ್ಯಮಕ್ಕೆ ಬಂದಾಗ ಮೇಲಿನ ಷಡ್ಜಕ್ಕೆ ಅರ್ಧ ಹೆಜ್ಜೆ ಬಾಕಿಯಿರುವ ಕಾಕಲಿ ನಿಷಾದದ ಚಡಪಡಿಕೆ. ಕಂಠ ಅಲುಗದೆಯೇ ಸ್ವರದ ಬಣ್ಣ ತಿರುಗಿತು. ನಮ್ಮ ವಿದ್ವಾಂಸರು ಷಡ್ಜವನ್ನೇ ಬೇರೆ ಸ್ವರಕ್ಕೆ ಸರಿಸುವ ಗ್ರಹಭೇದದಲ್ಲಿ ಅಪರೂಪಕ್ಕೆ ತೋರಿಸುವ ಚಮತ್ಕಾರಕ್ಕೆ ಇದು ಹತ್ತಿರ, ಆದರೆ ಅದೇ ಅಲ್ಲ: ಮೂಲ ಷಡ್ಜ ಕೇಳುಗನ ಮನಸ್ಸಿನಿಂದ ಅಳಿಯುವುದಿಲ್ಲ.

ಅಪೊಜಿಯಟುರಾ, ಅಂದರೆ ಕಾರ್ಡಿಗೆ ಹೊಂದದ ಸ್ವರಕ್ಕೆ ಒತ್ತು ಕೊಟ್ಟು ಪಕ್ಕದ ಸ್ವರಕ್ಕೆ ಜಾರುವುದು, ಕೇಳುಗರ ಕಣ್ಣೀರಿನೊಂದಿಗೆ ನಂಟು ಹೊಂದಿದೆ ಎಂದು ಸಂಗೀತ ಮನೋವಿಜ್ಞಾನಿ ಜಾನ್ ಸ್ಲೊಬೊಡಾ 1991ರಲ್ಲಿ ತೋರಿಸಿದ್ದರು. ಈ ಹಾಡಿನ ಗುಟ್ಟೂ ಅದೇ ಎಂದವರುಂಟು. ಆದರೆ ಹೊಂದಿಕೆ, ಹೊಂದದಿರುವಿಕೆಗಳನ್ನು ತೀರ್ಮಾನಿಸುವುದು ಕೆಳಗಿನ ಆಧಾರವೇ ತಾನೆ?

ಆಧಾರ ಕದಲದ ಕರ್ನಾಟಕ ಸಂಗೀತ, ಆಧಾರ ಕದಲುವ ಪಾಶ್ಚಾತ್ಯ ಸಂಗೀತ, ಈ ಎರಡೂ ಪದ್ಧತಿಗಳನ್ನು ಮೈಸೂರಿನ ಅರಸರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಬಲ್ಲವರಾಗಿದ್ದರು. ಪಿಯಾನೊ ಕಲಿತು 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದರು. ರಷ್ಯನ್ ಸಂಗೀತಗಾರ ಮೆಟ್ನರ್ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೇ ಅರ್ಪಿಸಿದ. ಆದರೆ ತಾವು ರಚಿಸಿದ ಕರ್ನಾಟಕ ಸಂಗೀತದ 94 ಕೃತಿಗಳಿಗೆ ಒಡೆಯರು ಕಾರ್ಡಿನ ಸೋಂಕು ತಾಗಿಸಲಿಲ್ಲ. ಮಡಿವಂತಿಕೆಯೆಂದು ಇದನ್ನು ತಳ್ಳಿಹಾಕಲಾರೆ. ಮೇಲೆ ಗಾಂಧಾರ ಕಂಪಿಸುವಾಗ ಕೆಳಗೆ ಆಧಾರವೂ ಕದಲಿದರೆ ಗಮಕಕ್ಕೆ ನೆಲೆ ಎಲ್ಲಿ? ಇದಕ್ಕೆ ಪ್ರತಿಯಾಗಿ, ಅಡೆಲ್‌ಳ ಹಾಡನ್ನು ಸರಿಗಮದಲ್ಲಿ ಬರೆಯುವವರು ಕಂಠದ ಸಾಲಿನಡಿ ಎಡಗೈಯ ಸ್ವರಗಳನ್ನೂ ಬರೆಯಬೇಕಾಗುತ್ತದೆ. ಬರಿಯ ಕಂಠದ ಸಾಲನ್ನು ಓದಿದರೆ ಅದು ಗಮಕವಿಲ್ಲದ ಸಪ್ಪೆ ಶಂಕರಾಭರಣ.