ಖಾನಾಪುರದ ಬೆಂಕಿ ರೇಖೆಗಳು

ಕಾಡ್ಗಿಚ್ಚೆಂದೊಡನೆ ನಮ್ಮಲ್ಲಿ ಓದಿದವರಿಗೆ ಖಾಂಡವದಹನವು ನೆನಪಾಗುವುದು ಸಹಜ. ಅಲ್ಲಿ ಬೆಂಕಿಯೆಂಬುದು ದೇವತೆಯ ಹಸಿವು. ತಡೆಯಬಂದ ಇಂದ್ರನೇ ಸೋತು ಹಿಂದಿರುಗಿದನು. ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 16 ಮೈಲಿ ದೂರದ ಖಾನಾಪುರದ ಸೀಮೆಯಲ್ಲಿ ಬೆಂಕಿಯ ಕಥೆ ಅಷ್ಟು ಭವ್ಯವಾದುದಲ್ಲ. ಅದು ತರಗೆಲೆ, ಒಣಹುಲ್ಲು, ಕುಡುಗೋಲುಗಳ ಕಥೆ. ಆ ಸೀಮೆಯಲ್ಲಿ ಮನೆಮಾರುಗಳು ಉರಿಯಿಂದ ಉಳಿದುದು ನೀರೆರಚಿದ್ದಕ್ಕಿಂತ ಹೆಚ್ಚಾಗಿ, ಸುತ್ತಣ ಹುಲ್ಲು ಸೊಪ್ಪುಗಳನ್ನು ಬೇಸಗೆಗೆ ಮುಂಚೆ ಹದದಲ್ಲಿಟ್ಟದ್ದರಿಂದ. ಆ ಕೆಲಸ ಯಾರದು, ಅದರ ಅಧಿಕಾರ ಯಾರದು ಎಂಬ ವ್ಯಾಜ್ಯವೇ ಈ ಚರಿತ್ರೆಯ ತಿರುಳು.

ಮೊದಲು ನೆಲವನ್ನು ನೋಡೋಣ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಮಳೆ ವಿಪರೀತ. ಅಲ್ಲಿಯ ನಿತ್ಯಹರಿದ್ವರ್ಣದ ಕಾಡಿಗೆ ಬೆಂಕಿ ಸುಲಭವಾಗಿ ಹಿಡಿಯುವುದಿಲ್ಲ. ಪೂರ್ವಕ್ಕೆ ಬಂದಂತೆ ಸಾಗುವಾನಿ, ಮತ್ತಿ, ಹೊನ್ನೆ, ಬಿದಿರುಗಳ ಎಲೆಯುದುರುವ ಕಾಡು. ಮಾಘ ಫಾಲ್ಗುಣಗಳಲ್ಲಿ ಸಾಗುವಾನಿಯ ಅಗಲವಾದ ಎಲೆಗಳು ನೆಲವನ್ನೆಲ್ಲ ಮುಚ್ಚುವುವು. ಹೂಬಿಟ್ಟು ಸತ್ತ ಬಿದಿರ ಮೆಳೆ ಒಂದಿದ್ದರಂತೂ ಕೇಳಬೇಕಾದುದೇ ಇಲ್ಲ. ಬೆಂಕಿಯು ಇಳಿಜಾರಿಗಿಂತ ಏರಿನಲ್ಲಿ ವೇಗವಾಗಿ ಹರಿಯುವುದರಿಂದ ಗುಡ್ಡದ ತಲೆಯ ಮೇಲಣ ಊರಿಗೆ ಅಪಾಯ ಹೆಚ್ಚು.

ಈ ಕಾಡುಗಳು ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದವು. 1847ರಲ್ಲಿ ಡಾಕ್ಟರ್ ಅಲೆಕ್ಸಾಂಡರ್ ಗಿಬ್ಸನ್ನರು ಅಲ್ಲಿಯ ಅರಣ್ಯಗಳ ಮೊದಲ ಸಂರಕ್ಷಣಾಧಿಕಾರಿಗಳಾದರು. ಹಡಗಿಗೆ ಸಾಗುವಾನಿ ಬೇಕು, ಮುಂದೆ ರೈಲಿಗೆ ಹಲಗೆ ಬೇಕು. ಹೀಗಿರಲು ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವು ಸರ್ಕಾರದ ಕಣ್ಣಿಗೆ ಕಳ್ಳತನಕ್ಕಿಂತ ಕೇಡಾಗಿ ತೋರಿತು. ಆ ಶತಮಾನದ ಮಧ್ಯದಿಂದ ಕುಮರಿಗೆ ಕಡಿವಾಣ ಬಿಗಿಯುತ್ತ ಬಂದಿತು. 1860ರ ದಶಕದಲ್ಲಿ ಮಧ್ಯಪ್ರಾಂತದ ಬೋರಿ ಅರಣ್ಯದಲ್ಲಿ ಕರ್ನಲ್ ಪಿಯರ್ಸನ್ನರು ಬೆಂಕಿಯನ್ನು ಹೊರಗಿಡಬಹುದೆಂದು ಮಾಡಿ ತೋರಿಸಿದ ಮೇಲೆ, ಬೆಂಕಿ ರೇಖೆ ಕಡಿಯುವುದು ದೇಶದ ಅರಣ್ಯ ಇಲಾಖೆಗಳ ವಾರ್ಷಿಕ ವಿಧಿಯಾಯಿತು.

ಬೆಂಕಿ ರೇಖೆಯೆಂದರೆ ಕಾಡಿನ ಅಂಚಿನಲ್ಲೂ ನಡುವೆಯೂ ಪಟ್ಟಿಯಂತೆ ಬರಿದು ಮಾಡಿದ ನೆಲ. ಹುಲ್ಲು ಅರೆ ಒಣಗಿದಾಗ ಕೊಯ್ದು ಹರಡಿ, ಗಾಳಿ ಅಡಗಿದ ಸಂಜೆ ಬೆಂಕಿಯಿಡುವರು. ಹಸಿ ರೆಂಬೆ ಹಿಡಿದ ಆಳುಗಳು ಎರಡೂ ಅಂಚಿನಲ್ಲಿ ನಿಂತು ಉರಿಯನ್ನು ಬಡಿದು ಮಿತಿಯಲ್ಲಿಡುವರು. ಹೇಳುವುದು ಸುಲಭ. ಸುಟ್ಟ ಹದಿನೈದು ದಿನಕ್ಕೇ ಮತ್ತೆ ಎಲೆಯುದುರಿ ರೇಖೆ ಮುಚ್ಚಿಹೋಗುವುದು; ಗುಡಿಸುತ್ತಲೇ ಇರದಿದ್ದರೆ ಅದು ನಕಾಶೆಯ ಮೇಲಣ ಗೆರೆಯಷ್ಟೆ. 1880ರ ದಶಕದಲ್ಲಿ ಲೋಂಡಾ, ಕ್ಯಾಸಲ್‌ರಾಕ್‌ಗಳ ಮೂಲಕ ಉಗಿಬಂಡಿ ಓಡತೊಡಗಿದ ಮೇಲೆ ಕಿಡಿಯುಗುಳುವ ಇನ್ನೊಂದು ಬಾಯಿಯೂ ಕಾಡಿನೊಳಗೆ ಬಂದಂತಾಯಿತು.

ಈ ಗುಡಿಸುವ ಕೆಲಸವನ್ನು ಹಳ್ಳಿಯವರು ಇಲಾಖೆ ಹುಟ್ಟುವ ಮೊದಲೇ ಬೇರೆ ಕಾರಣಗಳಿಗಾಗಿ ಮಾಡುತ್ತಿದ್ದರು. ಭತ್ತದ ಸಸಿಮಡಿಯ ಮೇಲೆ ಸೊಪ್ಪು, ತರಗು, ಸಗಣಿ ಹರಡಿ ಸುಡುವ ಪದ್ಧತಿಗೆ ಆ ಕಡೆ ರಾಬ್ ಎನ್ನುವರು. ಅದಕ್ಕೆ ತರಗು ಹೋಯಿತು, ಕೊಟ್ಟಿಗೆಗೆ ಸೊಪ್ಪು ಹೋಯಿತು, ದನಕ್ಕೆ ಹುಲ್ಲು ಹೋಯಿತು. ಊರಿನ ಸುತ್ತ ಸುಡುವ ಸರಕೇ ಉಳಿಯುತ್ತಿರಲಿಲ್ಲ. ಬಣವೆಯನ್ನು ಮನೆಯಿಂದ ದೂರ ಒಟ್ಟುವುದೂ ಇದೇ ವಿವೇಕ. ಹಾರಿಬರುವ ಒಂದು ಕಿಡಿ ಸಾಕು ಹುಲ್ಲುಮಾಡು ಹೊತ್ತಲು. ಖಾನಾಪುರದ ಒಳ್ಳೆಯ ಜೇಡಿಮಣ್ಣು ಹಂಚಾಗಿ ಮಾಡಿಗೇರಿದುದನ್ನು ನಾನಂತೂ ಅಗ್ನಿರಕ್ಷಣೆಯ ಚರಿತ್ರೆಯಲ್ಲಿಯೇ ಬರೆಯುವೆನು.

ಶಾಸನವು ಇದನ್ನು ಬೇರೆ ಕಣ್ಣಿನಿಂದ ಕಂಡಿತು. 1878ರ ಅರಣ್ಯ ಶಾಸನವು ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿಯಿಡುವುದನ್ನು ಅಪರಾಧವೆಂದಿತು, ಅದು ಸರಿಯೇ. 1927ರ ಶಾಸನದ 26ನೆಯ ಪ್ರಕರಣದಂತೆ, ಬುದ್ಧಿಪೂರ್ವಕವಾಗಿಯಾಗಲಿ ಘೋರ ಅಲಕ್ಷ್ಯದಿಂದಾಗಲಿ ಬೆಂಕಿ ಬಿದ್ದರೆ, ತಪ್ಪಿತಸ್ಥನಿಗೆ ದಂಡವಾದ ಮೇಲೆಯೂ, ಆ ಕಾಡಿನಲ್ಲಿ ಮೇವು ಮತ್ತು ಉತ್ಪನ್ನದ ಹಕ್ಕುಗಳನ್ನೆಲ್ಲ ಸರ್ಕಾರವು ತಡೆಹಿಡಿಯಬಹುದು. ಹಕ್ಕುಳ್ಳವರು ಬೆಂಕಿಯ ಸುದ್ದಿ ಕೊಟ್ಟು ಆರಿಸಲು ಬರತಕ್ಕದ್ದೆಂದು 79ನೆಯ ಪ್ರಕರಣ ವಿಧಿಸುವುದು. ಒಬ್ಬನ ಬೀಡಿಯಿಂದ ಊರಿಗೆಲ್ಲ ಶಿಕ್ಷೆ, ಆರಿಸುವ ಹೊಣೆಯೂ ಊರಿನದೇ! ಹುಲ್ಲು ಕೊಯ್ಯುವ ಹಕ್ಕನ್ನು ತಡೆಹಿಡಿದರೆ ಆ ಹುಲ್ಲು ಮುಂದಿನ ಬೇಸಗೆಗೆ ಇಂಧನವಾಗಿ ನಿಲ್ಲುವುದೆಂಬುದು ಕಾನೂನು ಬರೆದವರಿಗೆ ಹೊಳೆದಂತಿಲ್ಲ.

ಆದರೆ ಕಾಡಿನಲ್ಲಿ ತಿರುಗಾಡಿದ ಕೆಲವು ಅಧಿಕಾರಿಗಳಿಗೆ ಹೊಳೆಯಿತು. 1896ರಲ್ಲಿ ಬ್ರಹ್ಮದೇಶದ ಸ್ಲೇಡ್ ಎಂಬವರು 'ಇಂಡಿಯನ್ ಫಾರೆಸ್ಟರ್' ಪತ್ರಿಕೆಯಲ್ಲಿ ಬೆಂಕಿಯಿಂದ ಅತಿರಕ್ಷಣೆ ಸಲ್ಲದೆಂದು ಬರೆದರು: ಸಾಗುವಾನಿಯ ಸಸಿ ಪೊದೆಯ ನೆರಳಿನಲ್ಲಿ ಸೊರಗುತ್ತಿತ್ತು. ಉತ್ತರದ ಸಾಲವೃಕ್ಷದ ಕಾಡುಗಳಲ್ಲಿಯೂ ಇದೇ ಅನುಭವವಾಗಿ, ಚಳಿಗಾಲ ಮುಗಿಯುವ ಮುನ್ನ ಹತೋಟಿಯಲ್ಲಿ ಸುಡುವ ಕ್ರಮ ಬಳಕೆಗೆ ಬಂದಿತು. ನಮ್ಮ ಬಿಳಿಗಿರಿಯ ಸೋಲಿಗರು ಇದನ್ನು ತರಗು ಬೆಂಕಿಯೆಂಬ ಹೆಸರಿನಿಂದ ಮೊದಲೇ ಬಲ್ಲವರು. ಅದು ನಿಂತುದರಿಂದಲೇ ಲಂಟಾನ ಹಬ್ಬಿತೆಂದು ಅವರ ಮಾತು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಹೆಕ್ಟೇರು ಸುಟ್ಟಾಗ ಉರಿಗೆ ಒದಗಿದ ಸರಕುಗಳಲ್ಲಿ ಒಣಗಿದ ಲಂಟಾನವೂ ಇತ್ತು.

1956ರಲ್ಲಿ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. 2011ರಲ್ಲಿ ಭೀಮಗಡವು ವನ್ಯಜೀವಿಧಾಮವಾದಾಗ ಅದರೊಳಗೆ ಗವಾಳಿ, ತಳೇವಾಡಿ, ಆಮಗಾಂವಗಳಂಥ ಹಳ್ಳಿಗಳಿದ್ದವು. ಈಗ ಉಪಗ್ರಹವು ಆಕಾಶದಿಂದ ಬೆಂಕಿಯನ್ನು ಕಂಡು ಅರಣ್ಯಾಧಿಕಾರಿಯ ಕೈಗೆ ಸುದ್ದಿ ಮುಟ್ಟಿಸುವುದು. ಹಸಿ ರೆಂಬೆ ಹಿಡಿದು ಹೊರಡುವವರು ಮಾತ್ರ ಹಿಂದಿನಂತೆ ಕಾವಲುಗಾರರೂ ಹತ್ತಿರದ ಊರವರೂ. ಬೆಳಗಾವಿಯ ನಗರವಾಸಿಗಳಿಗೂ ಈ ವಿಷಯ ದೂರದ್ದಲ್ಲ. ಯಳ್ಳೂರಿನ ರಾಜಹಂಸಗಡದಂಥ ಗುಡ್ಡಗಳ ಹುಲ್ಲು ಸಂಕ್ರಾಂತಿಯ ಹೊತ್ತಿಗೆ ಹೊಂಬಣ್ಣ ತಾಳುವುದು. ಗುಡ್ಡದ ಬುಡದಲ್ಲಿ ನಿವೇಶನ ಕೊಂಡವರು ತಮ್ಮ ಬೇಲಿಯೊಳಗೆ ಕಸ ಗುಡಿಸುವರು. ಬೇಲಿಗೂ ಗುಡ್ಡಕ್ಕೂ ನಡುವಣ ಹುಲ್ಲನ್ನು ಹಿಂದೆ ದನಗಳು ಮೇಯುತ್ತಿದ್ದವು, ಈಗ ಅದನ್ನು ಕೊಯ್ಯುವ ಹೊಣೆ ಯಾರದೆಂಬುದು ನಗರಸಭೆಗಳಲ್ಲಿ ಇನ್ನೂ ಇತ್ಯರ್ಥವಾಗಬೇಕಾದ ಮಾತು.