ಸೆಪ್ಟೆಂಬರ್ ಎಂಟರಂದು ಮರವನ್ನಪ್ಪಿದವರು

ಸೆಪ್ಟೆಂಬರ್ 8 ಎಂದೊಡನೆ ನಿಮ್ಮ ಮನಸ್ಸಿಗೆ ಬರುವುದು ಮಾತೆ ಮರಿಯಳ ಜನ್ಮದಿನ, ಹೂವಿನ ಬುಟ್ಟಿ ಹಿಡಿದ ಮಕ್ಕಳು, ಮನೆಗೆ ತರುವ ಹೊಸ ತೆನೆ. 1983ರ ಅದೇ ದಿನ ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಸಮೀಪದ ಕಾಡಿಗೆ ನಡೆದು, ಕೊಡಲಿಗೆ ಗುರುತಾಗಿದ್ದ ಮರಗಳನ್ನು ತಬ್ಬಿ ನಿಂತರು. ಅಪ್ಪಿಕೊ ಚಳವಳಿ ಹುಟ್ಟಿದ್ದು ಹೀಗೆ.

ಕಾರಣ ತಿಳಿಯಲು ತುಸು ಹಿಂದಕ್ಕೆ ಹೋಗಬೇಕು. ಆಂಗ್ಲರ ಆಳ್ವಿಕೆಯಲ್ಲಿ ಈ ಕಾಡಿನ ಬೆಲೆಯೆಂದರೆ ಹಡಗಿಗೂ ರೈಲುಹಾದಿಗೂ ಒದಗುವ ನಾಟದ ಬೆಲೆಯಾಗಿತ್ತು. ಸ್ವಾತಂತ್ರ್ಯಾನಂತರವೂ ಆ ದೃಷ್ಟಿ ಬದಲಾಗಲಿಲ್ಲ. 1950ರ ದಶಕದ ಕೊನೆಗೆ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಬಂದಿತು. ಬಿದಿರು ಅದರ ಪಾಲಾಯಿತು. ಸಹಜಾರಣ್ಯವನ್ನು ಬೋಳಿಸಿ ಸಾಗವಾನಿ ನೆಡಲಾಯಿತು. ಸಾಗವಾನಿ ಪರದೇಶದ್ದಲ್ಲ, ನಮ್ಮ ನೆಲದ್ದೇ ಮರ ಎಂಬುದನ್ನು ಗಮನಿಸಿರಿ. ಆದರೆ ಹತ್ತಾರು ಜಾತಿಯ ಮರಗಳಿದ್ದಲ್ಲಿ ಒಂದೇ ಜಾತಿಯನ್ನು ಸಾಲುಗಟ್ಟಿ ನಿಲ್ಲಿಸಿದರೆ ಅದು ನೆಡುತೋಪಾದೀತೇ ಹೊರತು ಕಾಡಾಗದು.

ಅಲ್ಲಿಯ ಅಡಿಕೆ ಬೆಳೆಗಾರರಿಗೆ ಕಾಡೆಂದರೆ ಬದುಕು. ಸೊಪ್ಪಿನ ಬೆಟ್ಟದಿಂದ ತಂದ ಹಸಿಸೊಪ್ಪು ಕೊಟ್ಟಿಗೆಯ ಹಾಸಾಗಿ, ಗೊಬ್ಬರವಾಗಿ ತೋಟ ಸೇರುತ್ತದೆ. ಉಪ್ಪಾಗೆಯ ಬೀಜದಿಂದ ತುಪ್ಪ, ಮುರುಗಲಿನ ಸಿಪ್ಪೆಯಿಂದ ಹುಳಿ, ಉಪ್ಪಿನಕಾಯಿಗೆ ಅಪ್ಪೆಮಿಡಿ, ಜೇನು – ಎಲ್ಲವೂ ಕಾಡಿನ ಕೊಡುಗೆಯೇ. ಸರ್ಕಾರಿ ಕಡತಗಳಲ್ಲಿ ಇವಕ್ಕೆ ‘ಕಿರು ಅರಣ್ಯ ಉತ್ಪನ್ನ’ವೆಂದು ಹೆಸರು! ಅಪ್ಪೆಮಿಡಿಯ ಭರಣಿ ತುಂಬಿಸಿದ ಯಾವ ತಾಯಿಯೂ ಈ ‘ಕಿರು’ ಎಂಬ ಮಾತನ್ನು ಒಪ್ಪಲಾರಳು.

ಹಿಮಾಲಯದ ಚಿಪ್ಕೊ ಚಳವಳಿಯಲ್ಲಿ ಪಳಗಿದ್ದ ಪಾಂಡುರಂಗ ಹೆಗಡೆಯವರು ಜನರ ಜೊತೆಗಿದ್ದರು. ಸುಂದರಲಾಲ್ ಬಹುಗುಣರ ಪ್ರೇರಣೆಯಿತ್ತು. ಹೋರಾಟ 38 ದಿನ ನಡೆದು, ಮರ ಕಡಿಯುವ ಆಜ್ಞೆ ಹಿಂದೆ ಸರಿಯಿತು. ಬಳಿಕ ಚಳವಳಿ ಇತರ ಹಳ್ಳಿಗಳಿಗೂ ಹಬ್ಬಿತು. 1990ರ ವೇಳೆಗೆ ಪಶ್ಚಿಮ ಘಟ್ಟದ ಸಹಜಾರಣ್ಯಗಳಲ್ಲಿ ಹಸಿಮರ ಕಡಿಯುವುದನ್ನು ರಾಜ್ಯ ಸರ್ಕಾರ ನಿಲ್ಲಿಸಿತು. ‘ಉಳಿಸು, ಬೆಳೆಸು, ಬಳಸು’ ಎಂಬುದು ಚಳವಳಿಯ ಘೋಷಣೆ. ಇದರಲ್ಲಿ ಮೂರನೆಯ ಪದ ನನಗೆ ಬಹು ಪ್ರಿಯವಾದುದು. ಕಾಡನ್ನು ಮುಟ್ಟಲೇಬೇಡಿ ಎಂದು ಆ ಜನ ಹೇಳಲಿಲ್ಲ. ಅವರೂ ಅದರಿಂದಲೇ ಬಾಳಬೇಕಾದವರು.

ಇದನ್ನೆಲ್ಲ ಪತ್ರಿಕೆಗಳಲ್ಲಿ ಓದಿ ಮೆಚ್ಚಿದ್ದ ನಾನು ಮಾಡಿದ್ದೇನು? ಯುವ ಗುರುವಾಗಿದ್ದಾಗ, ದೇವಾಲಯದ ಆವರಣ ಬೇಗ ಹಸಿರಾಗಲೆಂದು, ಇದ್ದೊಂದು ಹಳೆಯ ನೇರಳೆ ಮರವನ್ನು ತೆಗೆಸಿ, ಆಸ್ಟ್ರೇಲಿಯಾ ಮೂಲದ ಅಕೇಶಿಯಾ ಸಸಿಗಳನ್ನು ಸಾಲಾಗಿ ನೆಡಿಸಿದೆ. ಆವರಣವೇನೋ ಹಸಿರಾಯಿತು. ಅಡಿಯಲ್ಲಿ ಮಾತ್ರ ಒಣ ತರಗೆಲೆಯ ಹೊದಿಕೆ, ಹುಲ್ಲೂ ಏಳಲಿಲ್ಲ. ಒಂದು ಭಾನುವಾರ ಪೂಜೆ ಮುಗಿದ ಮೇಲೆ ವೃದ್ಧೆಯೊಬ್ಬರು, “ಫಾದರ್, ಮಕ್ಕಳು ಉಪದೇಶ ಮುಗಿಸಿ ಹಣ್ಣು ಆರಿಸುತ್ತಿದ್ದ ಮರ ಕಡಿಸಿದ್ದು ಇದಕ್ಕಾಗಿಯೇ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ನೀವು ಕರಾವಳಿ ಅಥವಾ ಮಲೆನಾಡಿನವರಾಗಿದ್ದು ಹಿತ್ತಲಲ್ಲಿ ಜಾಗವಿದ್ದರೆ, ಮುರುಗಲು ನೆಡಿರಿ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಾಗುತ್ತದೆ. ಬೀಜವನ್ನು ತೊಳೆದು, ಬಹಳ ದಿನ ಒಣಗಿಸಿಡದೆ ಬಿತ್ತಬೇಕು. ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಗಂಡು ಹಣ್ಣು ಬಿಡದು. ಹೂ ಬಿಡುವವರೆಗೆ ಯಾವುದು ಯಾವುದೆಂದು ಗುರುತೂ ಸಿಗದು. ಆದ್ದರಿಂದ ಒಂದೇ ಸಸಿಗೆ ನಿಲ್ಲಿಸದೆ ನಾಲ್ಕೈದನ್ನಾದರೂ ನೆಟ್ಟು, ಕೆಲವು ವರ್ಷ ಕಾಯಿರಿ.