ದೇಹತೂಕ, ವಂಶವಾಹಿ ಮತ್ತು ಆಹಾರ: ಅಧ್ಯಯನದ ಇತಿಹಾಸ

ದೇಹತೂಕದ ಮೇಲೆ ಆನುವಂಶಿಕತೆ ಮತ್ತು ಆಹಾರದ ಗುಣಮಟ್ಟ ಬೀರುವ ಪ್ರಭಾವಗಳು ಒಂದನ್ನೊಂದು ಹೆಚ್ಚಿಸುವ ಇಲ್ಲವೇ ತಗ್ಗಿಸುವ ಬಗೆಗೆ ವಂಶವಾಹಿ-ಆಹಾರ ಅಂತರಕ್ರಿಯೆ ಎಂದು ಹೆಸರು. ಒಂದೇ ಬಗೆಯ ಊಟ ಉಂಡವರೆಲ್ಲ ಒಂದೇ ಪ್ರಮಾಣದಲ್ಲಿ ದಪ್ಪಗಾಗುವುದಿಲ್ಲ. ಬೊಜ್ಜಿಗೆ ಸಂಬಂಧಿಸಿದ ವಂಶವಾಹಿಗಳಿದ್ದವರಿಗೆಲ್ಲ ಬೊಜ್ಜು ಬರುವುದೂ ಇಲ್ಲ. ಕಾರಣ ಹುಟ್ಟೋ ತಿನಿಸೋ ಎಂಬ ವಾದದಿಂದ ಹೊರಟ ಅಧ್ಯಯನ, ಎಂಥ ಆಹಾರವಿದ್ದಾಗ ವಂಶವಾಹಿಯ ಪ್ರಭಾವ ಎಷ್ಟು ಹೊರಬೀಳುತ್ತದೆ ಎಂದು ಅಳೆಯುವ ಹಂತ ತಲುಪಲು ಸುಮಾರು ಅರವತ್ತು ವರ್ಷ ಹಿಡಿಯಿತು.

ಆರಂಭ: 1949ರಲ್ಲಿ ಅಮೆರಿಕದ ಮೇನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ, ತಿಂದಷ್ಟೂ ಹಸಿವು ಹಿಂಗದೆ ವಿಪರೀತ ಕೊಬ್ಬುವ ಇಲಿಗಳು ಕಾಣಿಸಿಕೊಂಡವು. ಇದು ಒಂದೇ ವಂಶವಾಹಿಯ ದೋಷ. ಮುಂದೆ ಅಲ್ಲಿಯೇ ಡಗ್ಲಸ್ ಕೋಲ್ಮನ್ ಇಂಥ ಇಲಿಯ ರಕ್ತಪರಿಚಲನೆಯನ್ನು ಸಾಮಾನ್ಯ ಇಲಿಯದರೊಂದಿಗೆ ಜೋಡಿಸಿದಾಗ ಕೊಬ್ಬಿದ ಇಲಿ ತಿನ್ನುವುದನ್ನು ಕಡಿಮೆ ಮಾಡಿತು. ಹಸಿವನ್ನು ತಡೆಯುವ ಯಾವುದೋ ವಸ್ತು ರಕ್ತದಲ್ಲಿದೆ ಎಂದು ಅವನು ತರ್ಕಿಸಿದ. 1962ರಲ್ಲಿ ಜೇಮ್ಸ್ ನೀಲ್ 'ಮಿತವ್ಯಯಿ ವಂಶವಾಹಿ'ಯ ವಾದವನ್ನು ಮುಂದಿಟ್ಟ. ಕ್ಷಾಮದ ಕಾಲದಲ್ಲಿ ಸಿಕ್ಕಿದ್ದನ್ನು ಕೂಡಿಟ್ಟುಕೊಂಡು ಜೀವ ಉಳಿಸಿದ ಗುಣವೇ ಸಮೃದ್ಧಿಯಲ್ಲಿ ಮಧುಮೇಹಕ್ಕೆ ದಾರಿಯಾಗುತ್ತದೆ ಎಂಬುದು ಅದರ ತಿರುಳು. ಈ ವಾದ ಇಂದಿಗೂ ವಿವಾದಾಸ್ಪದ.

ದತ್ತುಮಕ್ಕಳು, ಅವಳಿಗಳು: 1986ರಲ್ಲಿ ಆಲ್ಬರ್ಟ್ ಸ್ಟಂಕರ್ಡ್ ಮತ್ತು ಸಂಗಡಿಗರು ಡೆನ್ಮಾರ್ಕಿನ 540 ದತ್ತುಮಕ್ಕಳ ವಿವರ ಪ್ರಕಟಿಸಿದರು. ಬೆಳೆದು ದೊಡ್ಡವರಾದ ಮೇಲೆ ಇವರ ಮೈಕಟ್ಟು ಹೆತ್ತವರದನ್ನು ಹೋಲುತ್ತಿತ್ತೇ ಹೊರತು ಸಾಕಿದವರದನ್ನಲ್ಲ. ಆಹಾರಕ್ಕೆ ಪಾತ್ರವೇ ಇಲ್ಲವೇ ಎಂಬ ಪ್ರಶ್ನೆಗೆ 1990ರಲ್ಲಿ ಕೆನಡಾದ ಲವಾಲ್ ವಿಶ್ವವಿದ್ಯಾಲಯದ ಕ್ಲೋಡ್ ಬುಶಾರ್ ಉತ್ತರ ಕೊಟ್ಟ. ಅವನು 12 ಜೋಡಿ ತದ್ರೂಪಿ ಅವಳಿ ಯುವಕರಿಗೆ ವಾರಕ್ಕೆ ಆರು ದಿನದಂತೆ ಒಟ್ಟು 84 ದಿನ, ದಿನಕ್ಕೆ 1,000 ಕ್ಯಾಲೊರಿ ಹೆಚ್ಚಿಗೆ ಉಣಬಡಿಸಿದ. ಎಲ್ಲರೂ ದಪ್ಪಗಾದರು, ಸರಾಸರಿ ಏರಿಕೆ 8.1 ಕೆ.ಜಿ. ಆದರೆ ಒಬ್ಬನಿಗೆ 4.3 ಕೆ.ಜಿ. ಏರಿದರೆ ಇನ್ನೊಬ್ಬನಿಗೆ 13.3 ಕೆ.ಜಿ. ಏರಿತ್ತು. ಒಂದೇ ಜೋಡಿಯ ಅಣ್ಣತಮ್ಮಂದಿರ ನಡುವಣ ವ್ಯತ್ಯಾಸಕ್ಕಿಂತ ಜೋಡಿ-ಜೋಡಿಗಳ ನಡುವಣ ವ್ಯತ್ಯಾಸ ಸುಮಾರು ಮೂರು ಪಟ್ಟು. ತೂಕ ಏರಿಸಿದ್ದು ಊಟ. ಯಾರಿಗೆ ಎಷ್ಟು ಏರಬೇಕೆಂಬುದರಲ್ಲಿ ಆನುವಂಶಿಕತೆಯ ಕೈ ಇತ್ತು.

ಪೀಮಾ ಜನಾಂಗ: ಅರಿಜೋನದ ಪೀಮಾ ಜನ ಹೀಲಾ ನದಿಯ ನೀರಿನಿಂದ ಜೋಳ, ಅವರೆಯಂಥ ಕಾಳು, ಕುಂಬಳ ಬೆಳೆದುಕೊಂಡು ಬದುಕಿದ್ದವರು. 19ನೆಯ ಶತಮಾನದ ಕೊನೆಯಲ್ಲಿ ಮೇಲ್ದಂಡೆಯ ವಲಸಿಗರು ನೀರನ್ನು ತಿರುಗಿಸಿಕೊಂಡಾಗ ಬೇಸಾಯ ಕುಸಿಯಿತು. ಸರ್ಕಾರದ ಹಿಟ್ಟು, ಸಕ್ಕರೆ, ಹಂದಿಕೊಬ್ಬು ಅವರ ಮುಖ್ಯ ಆಹಾರದಲ್ಲಿ ಸೇರಿದವು. ಇವರದೇ ಬಳಗದ ಇನ್ನೊಂದು ಕವಲು ಮೆಕ್ಸಿಕೊದ ಮಾಯ್ಕೊಬಾ ಬೆಟ್ಟಸೀಮೆಯಲ್ಲಿ ಬೇಸಾಯ ಮಾಡಿಕೊಂಡಿತ್ತು. 1994ರಲ್ಲಿ ಎರಿಕ್ ರಾವುಸ್ಸಾ ತಂಡ ಹೋಲಿಸಿದಾಗ ಮೆಕ್ಸಿಕೊದವರ ಸರಾಸರಿ ತೂಕ 64 ಕೆ.ಜಿ., ಅರಿಜೋನದವರದು 90 ಕೆ.ಜಿ. ಈ ಅಂತರದಲ್ಲಿ ಆಹಾರದ ಜೊತೆಗೆ ಮೈಮುರಿಯುವ ದುಡಿಮೆಯ ಪಾಲೂ ಇದೆ.

ವಂಶವಾಹಿಗಳ ಶೋಧ: ಕೋಲ್ಮನ್ ಊಹಿಸಿದ್ದ ವಸ್ತುವಿನ ವಂಶವಾಹಿಯನ್ನು 1994ರಲ್ಲಿ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಪತ್ತೆಹಚ್ಚಿತು. ಕೊಬ್ಬಿನ ಕೋಶಗಳು ಸ್ರವಿಸುವ ಆ ಹಾರ್ಮೋನೇ ಲೆಪ್ಟಿನ್. ಮನುಷ್ಯರಲ್ಲಿ ಅದು ಹುಟ್ಟಿನಿಂದಲೇ ಇಲ್ಲದಿರುವುದು ತೀರ ಅಪರೂಪ. ಸಾಮಾನ್ಯ ಬೊಜ್ಜಿನ ಮೊದಲ ಗಟ್ಟಿ ಸುಳಿವು 2007ರಲ್ಲಿ ಎಫ್‌ಟಿಒ ವಂಶವಾಹಿಯಿಂದ ಸಿಕ್ಕಿತು. ಇದರ ಅಪಾಯಕಾರಿ ರೂಪ ತಂದೆತಾಯಿ ಇಬ್ಬರಿಂದಲೂ ಬಂದವರು ಅದಿಲ್ಲದವರಿಗಿಂತ ಸರಾಸರಿ 3 ಕೆ.ಜಿ. ಹೆಚ್ಚು ತೂಗುತ್ತಿದ್ದರು. ಆದರೆ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನದ ದಾಖಲೆಗಳ ಮೇಲೆ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, 1942ಕ್ಕೆ ಮೊದಲು ಹುಟ್ಟಿದವರಲ್ಲಿ ಈ ನಂಟು ಕಾಣಲಿಲ್ಲ. ವಂಶವಾಹಿ ಅದೇ ಆದರೂ ಸುತ್ತಲಿನ ಬದುಕು ಬದಲಾದ ಮೇಲೆಯೇ ಅದು ತೂಕದಲ್ಲಿ ಕಾಣಿಸಿಕೊಂಡಿತು.

ಆಹಾರದ ಗುಣಮಟ್ಟ: ಅಮೆರಿಕದಲ್ಲಿ ದಾದಿಯರನ್ನೂ ಆರೋಗ್ಯ ಕ್ಷೇತ್ರದ ವೃತ್ತಿಗಳಲ್ಲಿದ್ದ ಗಂಡಸರನ್ನೂ ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳು ಇಲ್ಲಿ ನೆರವಾದವು. 32 ವಂಶವಾಹಿ ಭೇದಗಳನ್ನು ಲೆಕ್ಕಕ್ಕೆ ಹಿಡಿದ 2012ರ ವರದಿಯ ಪ್ರಕಾರ, ತಿಂಗಳಿಗೆ ಒಮ್ಮೆಯೂ ಸಿಹಿ ಪಾನೀಯ ಕುಡಿಯದವರಿಗಿಂತ ದಿನವೂ ಕುಡಿಯುವವರಲ್ಲಿ ಆನುವಂಶಿಕ ಒಲವಿನ ಪ್ರಭಾವ ಹೆಚ್ಚೂಕಡಿಮೆ ಇಮ್ಮಡಿ. ಕರಿದ ತಿಂಡಿಗಳ ಬಗೆಗೂ 2014ರಲ್ಲಿ ಇಂಥದೇ ಫಲಿತಾಂಶ ಬಂತು. ಸುಮಾರು 14,000 ಜನರನ್ನು 20 ವರ್ಷ ಗಮನಿಸಿದ 2018ರ ವರದಿ ಇದರ ಒಳ್ಳೆಯ ಮಗ್ಗುಲನ್ನು ತೋರಿಸಿತು. ತರಕಾರಿ, ಹಣ್ಣು, ಇಡೀ ಧಾನ್ಯಗಳತ್ತ ಊಟವನ್ನು ತಿದ್ದಿಕೊಂಡವರಲ್ಲಿ ತೂಕದ ಏರಿಕೆ ತಗ್ಗಿತ್ತು. ಆನುವಂಶಿಕ ಅಪಾಯ ಹೆಚ್ಚಿದ್ದವರಿಗೇ ಲಾಭ ಹೆಚ್ಚು.

ಭಾರತ: 2008ರಲ್ಲಿ ಲಂಡನ್ನಿನ ಭಾರತೀಯ ಮೂಲದವರ ಅಧ್ಯಯನ, ಎಂಸಿ4ಆರ್ ವಂಶವಾಹಿಯ ಸಮೀಪದ ಒಂದು ಭೇದಕ್ಕೂ ಸೊಂಟದ ಸುತ್ತಳತೆಗೂ ನಂಟನ್ನು ಗುರುತಿಸಿತು. ಆದರೆ ಹುಟ್ಟಿನಿಂದ ಬಂದದ್ದೆಲ್ಲ ವಂಶವಾಹಿಯದೇ ಆಗಬೇಕಿಲ್ಲ. ಪುಣೆಯಲ್ಲಿ ಸಿ.ಎಸ್. ಯಾಜ್ಞಿಕ್ ಅಧ್ಯಯನ ಮಾಡಿದ ಹಳ್ಳಿಯ ಶಿಶುಗಳು ಸರಾಸರಿ 2.7 ಕೆ.ಜಿ. ತೂಗುತ್ತಿದ್ದರೂ ಮೈಯ ಕೊಬ್ಬು ಆ ಮಟ್ಟಿಗೆ ಕಡಿಮೆಯಿರಲಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಇಟ್ಟುಕೊಂಡು ಬಂದ ಜನನ ದಾಖಲೆಗಳಿಂದ, ಹುಟ್ಟುವಾಗಿನ ತೂಕಕ್ಕೂ ನಡುವಯಸ್ಸಿನ ಹೃದ್ರೋಗಕ್ಕೂ ಇರುವ ನಂಟು ತಿಳಿದುಬಂತು. ಗರ್ಭದಲ್ಲಿನ ಪೋಷಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲು ಇಂಥ ಕೆಲಸಗಳು ಕಾರಣವಾದವು.

ಮಿತಿಗಳು: ವಂಶವಾಹಿ ಪರೀಕ್ಷಿಸಿ ಪಥ್ಯ ಹೇಳುವ ಆಸೆ ಇನ್ನೂ ಕೈಗೂಡಿಲ್ಲ. ಸ್ಟ್ಯಾನ್‌ಫರ್ಡಿನಲ್ಲಿ 609 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಡಿಮೆ ಕೊಬ್ಬಿನ ಊಟಕ್ಕೋ ಕಡಿಮೆ ಶರ್ಕರಪಿಷ್ಟದ ಊಟಕ್ಕೋ ಹೊಂದುತ್ತದೆಂದು ಭಾವಿಸಿದ್ದ ವಂಶವಾಹಿ ಮಾದರಿಗಳು ತೂಕ ಇಳಿಕೆಯಲ್ಲಿ ವ್ಯತ್ಯಾಸ ತೋರಲಿಲ್ಲ. ಹೀಗಾಗಿ ಬೊಜ್ಜು ಮನೆತನದಲ್ಲಿದೆ ಎಂದು ಗೊತ್ತಿರುವವರಿಗೂ ಬೇರೆ ಪಥ್ಯವೆಂಬುದಿಲ್ಲ; ಎಲ್ಲರಿಗೂ ಹೇಳುವ ಒಳ್ಳೆಯ ಊಟವನ್ನೇ ಅವರು ಹೆಚ್ಚು ನಿಷ್ಠೆಯಿಂದ ಪಾಲಿಸಬೇಕಾಗುತ್ತದೆ.